ಮಾತ್ರೆಯ ಹೊತ್ತಿನ ಜೊತೆಗೆ ಕಾರಣವನ್ನೂ ಬರೆಯುವುದು: ಬದಿಯಡ್ಕದ ಮದ್ದಿನಂಗಡಿಯಿಂದ ನನ್ನ ಅನುಭವ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಮದ್ದಿನಂಗಡಿಯಲ್ಲಿ ಫಾರ್ಮಸಿಸ್ಟ್ ಆಗಿರುವ ನಾನು ಮಾತ್ರೆಯ ಕವರಿನ ಮೇಲೆ ಹೊತ್ತಿನ ಜೊತೆಗೆ ಅದರ ಕಾರಣವನ್ನೂ ಕನ್ನಡದಲ್ಲಿ ಬರೆದುಕೊಡುತ್ತೇನೆ. ಇಲ್ಲಿಗೆ ಬರುವ ಹಿರಿಯರಲ್ಲಿ ಅನೇಕರು ಮನೆಯಲ್ಲಿ ತುಳುವನ್ನೋ ಹವ್ಯಕ ಕನ್ನಡವನ್ನೋ ಆಡುವವರು, ಕನ್ನಡ ಶಾಲೆಯಲ್ಲಿ ಓದಿದವರು; ಮಲಯಾಳದ ಸೂಚನೆ ಅವರಿಗೆ ಓದಲು ಬಾರದು. ಮದ್ದು ದೇಹದಲ್ಲಿ ಎಲ್ಲಿ ಕೆಲಸ ಮಾಡುತ್ತದೆಂದು ತಿಳಿದವರು ಹೊತ್ತು ತಪ್ಪಿಸುವುದು ಕಡಿಮೆಯೆಂಬುದನ್ನೂ ನಾನು ಕಂಡುಕೊಂಡಿದ್ದೇನೆ.

ಹೆಚ್ಚು ವಿವರಿಸಬೇಕಾಗುವುದು ಪ್ಯಾಂಟೊಪ್ರಜೋಲನ್ನು. ಜನರ ಬಾಯಲ್ಲಿ ಅದು ಗ್ಯಾಸಿನ ಮಾತ್ರೆ. ಎದೆಯುರಿ ಬಂದ ಮೇಲೆ ನುಂಗುವವರೇ ಹೆಚ್ಚು. ಆದರೆ ಹೊಟ್ಟೆಯಲ್ಲಿ ಆಗಲೇ ಇರುವ ಆಮ್ಲವನ್ನು ತಣಿಸುವುದು ಆಂಟಾಸಿಡ್‌ನ ಕೆಲಸ. ಪ್ಯಾಂಟೊಪ್ರಜೋಲ್ ಕರುಳಿನಲ್ಲಿ ಕರಗಿ, ರಕ್ತದ ಮೂಲಕ ಜಠರದ ಗೋಡೆಯ ಜೀವಕೋಶಗಳನ್ನು ಸೇರಿ, ಆಮ್ಲವನ್ನು ಹೊರಬಿಡುವ ಪ್ರೋಟಾನ್ ಪಂಪುಗಳನ್ನು ಶಾಶ್ವತವಾಗಿ ಮುಚ್ಚುತ್ತದೆ. ಚಾಲನೆಯಲ್ಲಿರುವ ಪಂಪುಗಳನ್ನಷ್ಟೇ ಅದು ಮುಚ್ಚಬಲ್ಲದು, ಅವುಗಳನ್ನು ಚಾಲನೆಗೆ ತರುವುದು ಆಹಾರ. ಆದುದರಿಂದ ಬೆಳಗಿನ ಆಹಾರಕ್ಕೆ 30ರಿಂದ 60 ನಿಮಿಷ ಮೊದಲು ಅದು ಹೊಟ್ಟೆ ಸೇರಬೇಕು. “ಅಕ್ಕ, ಗಂಜಿಗೆ ಕುಚ್ಚಲಕ್ಕಿ ಒಲೆಯ ಮೇಲೆ ಇಟ್ಟ ಕೂಡಲೇ ಮಾತ್ರೆ ತೆಗೆದುಕೊಳ್ಳಿ” ಎಂದರೆ ಗಡಿಯಾರ ನೋಡುವ ಅಗತ್ಯವೇ ಬೀಳುವುದಿಲ್ಲ. ಮದ್ದು ಕೆಲವೇ ಗಂಟೆಗಳಲ್ಲಿ ರಕ್ತದಿಂದ ಮರೆಯಾದರೂ ಜೀವಕೋಶಗಳು ಹೊಸ ಪಂಪುಗಳನ್ನು ಕಟ್ಟಿಕೊಳ್ಳುವವರೆಗೆ ಅದರ ಪರಿಣಾಮ ಉಳಿಯುವುದರಿಂದ ಸಾಮಾನ್ಯವಾಗಿ ದಿನಕ್ಕೊಂದು ಮಾತ್ರೆ ಸಾಕಾಗುತ್ತದೆ. ಮಾತ್ರೆಯ ಹೊರಲೇಪ ಅದನ್ನು ಜಠರದ ಆಮ್ಲದಿಂದಲೇ ಕಾಯುವಂಥದ್ದು, ಪುಡಿಮಾಡಿ ಕೊಡಬಾರದು.

ಮೂತ್ರ ಹೆಚ್ಚಿಸುವ ಫ್ರುಸೆಮೈಡ್‌ಗೆ “ಬೆಳಿಗ್ಗೆ, ರಾತ್ರಿ ನಿದ್ದೆ ಕೆಡದಿರಲು” ಎಂದಷ್ಟೇ ಬರೆದರೆ ಸಾಕು.

ನನಗೆ ನಿಜವಾದ ಆತಂಕವಿರುವುದು ನೋವಿನ ಮಾತ್ರೆಯ ಬಗ್ಗೆ. ಅಡಿಕೆ ತೋಟದಲ್ಲಿ ದುಡಿದು ಗಂಟುನೋವು ಬಂದವರು ಡೈಕ್ಲೋಫೆನಾಕ್‌ನ ಚೀಟಿ ತರುತ್ತಾರೆ. ಅವರ ಬಿಪಿಯ ಚೀಟಿ ಮಂಗಳೂರಿನ ವೈದ್ಯರದ್ದಾಗಿರುತ್ತದೆ, ಒಬ್ಬರು ಬರೆದದ್ದು ಇನ್ನೊಬ್ಬರಿಗೆ ತಿಳಿದಿರುವುದಿಲ್ಲ. ಡೈಕ್ಲೋಫೆನಾಕ್ ಪ್ರೊಸ್ಟಾಗ್ಲಾಂಡಿನ್‌ಗಳೆಂಬ, ದೇಹವೇ ತಯಾರಿಸುವ ರಾಸಾಯನಿಕಗಳ ಉತ್ಪತ್ತಿಯನ್ನು ತಡೆದು ನೋವು, ಊತ ಎರಡನ್ನೂ ಇಳಿಸುತ್ತದೆ. ಆದರೆ ಕಿಡ್ನಿಯೊಳಗೆ ರಕ್ತ ಬರುವ ಸಣ್ಣ ನಾಳವನ್ನು ಹಿಗ್ಗಿಸಿಡುವುದೂ ಅದೇ ಪ್ರೊಸ್ಟಾಗ್ಲಾಂಡಿನ್. ಬಿಪಿಗೆ ಕೊಡುವ ಎನಲಾಪ್ರಿಲ್ ಅಥವಾ ಟೆಲ್ಮಿಸಾರ್ಟನ್ ರಕ್ತ ಹೊರಹೋಗುವ ನಾಳವನ್ನು ಸಡಿಲಗೊಳಿಸುತ್ತದೆ, ಮೂತ್ರದ ಮಾತ್ರೆ ದೇಹದ ನೀರನ್ನು ಇಳಿಸುತ್ತದೆ. ಮೂರೂ ಒಟ್ಟಾದಾಗ ಸೋಸುವಿಕೆಗೆ ಬೇಕಾದ ಒತ್ತಡವೇ ಕುಸಿದು ಕಿಡ್ನಿಗೆ ಹಾನಿಯಾಗಬಹುದು. ವಾಂತಿಭೇದಿಯಾದಾಗ, ಬೇಸಗೆಯಲ್ಲಿ ಬೆವರು ಹರಿದಾಗ ಅಪಾಯ ಇನ್ನೂ ಹೆಚ್ಚು. ಆದುದರಿಂದ ಮನೆಯಲ್ಲಿರುವ ಎಲ್ಲ ಚೀಟಿಗಳನ್ನೂ ತರಿಸಿ ನೋಡುತ್ತೇನೆ. ಈ ಮೂರು ಒಟ್ಟಿಗೆ ಕಂಡರೆ ಡೈಕ್ಲೋಫೆನಾಕ್ ಕೊಡುವ ಮೊದಲು ವೈದ್ಯರಿಗೆ ಫೋನ್ ಮಾಡುತ್ತೇನೆ.

ಹೆಚ್ಚಿನ ಸಲ ಅವರು ಪ್ಯಾರಾಸಿಟಮಾಲ್‌ಗೆ ಬದಲಾಯಿಸುತ್ತಾರೆ. ಅದು ಕಿಡ್ನಿಗೆ ಅಷ್ಟು ಭಾರವಲ್ಲ, ಆದರೆ ಪ್ರಮಾಣ ಮೀರಿದರೆ ಯಕೃತ್ತಿಗೆ ವಿಷ. ಆರೋಗ್ಯವಂತ ವಯಸ್ಕರಿಗೂ ದಿನದ ಮಿತಿ 4 ಗ್ರಾಂ. ನೆಗಡಿಯ ಅನೇಕ ಮಾತ್ರೆಗಳಲ್ಲಿಯೂ ಇದೇ ಮದ್ದು ಸೇರಿರುವುದರಿಂದ ಸ್ಟ್ರಿಪ್ಪಿನ ಮೇಲೆ ಅದರ ಹೆಸರಿನ ಕೆಳಗೆ ಕೆಂಪು ಗೆರೆ ಎಳೆದು, ಎರಡನ್ನೂ ಒಟ್ಟಿಗೆ ನುಂಗಬಾರದೆಂದು ಬರೆದೇ ಕೊಡುತ್ತೇನೆ.