ಕುಡಿಯುವ ನೀರು: ಯಂತ್ರ ಕೊಳ್ಳುವ ಮುನ್ನ ಸಂಪಿನ ಮುಚ್ಚಳ ತೆಗೆಯಿರಿ

ಬೆಂಗಳೂರಿನ ಬಹಳಷ್ಟು ಮನೆಗಳ ನಲ್ಲಿಯಲ್ಲಿ ಬರುವ ನೀರು ಒಂದೇ ಮೂಲದ್ದಲ್ಲ. ಒಂದು ದಿನ ಬಿಟ್ಟು ಒಂದು ದಿನ ಬರುವ ಕಾವೇರಿ, ಅದು ಸಾಲದಾದಾಗ ಎತ್ತುವ ಬೋರ್ ನೀರು, ಬೇಸಿಗೆಯಲ್ಲಿ ಕರೆಸುವ ಟ್ಯಾಂಕರ್ ನೀರು, ಈ ಮೂರೂ ಒಂದೇ ಸಂಪಿನಲ್ಲಿ ಬೆರೆತು, ಮೋಟಾರಿನ ಮೂಲಕ ಮೇಲಿನ ಟ್ಯಾಂಕಿಗೆ ಏರಿ, ಅಲ್ಲಿಂದ ಅಡುಗೆಮನೆಗೆ ಇಳಿಯುತ್ತವೆ. ಯಾವ ಫಿಲ್ಟರ್ ಒಳ್ಳೆಯದು ಎಂಬ ಪ್ರಶ್ನೆಯನ್ನು ಅಂಗಡಿಯವರಿಗೆ ಕೇಳುವ ಮುನ್ನ, ನಮ್ಮ ಸಂಪಿನಲ್ಲಿರುವುದು ಎಂಥ ನೀರು ಮತ್ತು ಅದರ ದೋಷವೇನು ಎಂಬುದನ್ನು ನಾವೇ ತಿಳಿದುಕೊಂಡಿರಬೇಕು.

ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಮನೆಯಲ್ಲೇ ನಡೆದ ಒಂದು ಪ್ರಸಂಗವಿದೆ. ಕೆಲವು ವರ್ಷಗಳ ಹಿಂದೆ ಬಂದಿದ್ದ ಮಾರಾಟ ಪ್ರತಿನಿಧಿಯೊಬ್ಬರು ಒಂದು ಲೋಟದಲ್ಲಿ ನಮ್ಮ ನಲ್ಲಿಯ ನೀರನ್ನೂ ಇನ್ನೊಂದರಲ್ಲಿ ತಮ್ಮ ಯಂತ್ರದ ನೀರನ್ನೂ ತುಂಬಿ, ಎರಡಕ್ಕೂ ಕರೆಂಟಿನ ಕಡ್ಡಿಗಳನ್ನು ಇಳಿಬಿಟ್ಟರು. ಎರಡು ನಿಮಿಷದೊಳಗೆ ನಮ್ಮ ಲೋಟದಲ್ಲಿ ಕಂದು ಬಣ್ಣದ ಗಸಿ ತುಂಬಿತು, ಅವರ ಲೋಟ ತಿಳಿಯಾಗಿಯೇ ಉಳಿಯಿತು. ‘ಇಷ್ಟು ದಿನ ನೀವು ಕುಡಿಯುತ್ತಿದ್ದದ್ದು ಇದನ್ನೇ ಮೇಡಂ’ ಎಂದರು. ಆ ಗಸಿ ಹುಟ್ಟಿದ್ದು ಕಡ್ಡಿಯಿಂದ. ನೀರಿನಲ್ಲಿ ಲವಣಗಳಿದ್ದರೆ ವಿದ್ಯುತ್ ಸಲೀಸಾಗಿ ಹರಿದು ಕಡ್ಡಿಯ ಕಬ್ಬಿಣ ಕರಗುತ್ತದೆ, ತುಕ್ಕಾಗಿ ಕಾಣಿಸಿಕೊಳ್ಳುತ್ತದೆ. ಲವಣ ತೆಗೆದ ನೀರಿನಲ್ಲಿ ವಿದ್ಯುತ್ ಹರಿಯುವುದೇ ಕಷ್ಟ. ಆ ಕಡ್ಡಿಗಳನ್ನು ಎಳನೀರಿಗೆ ಇಳಿಬಿಟ್ಟಿದ್ದರೂ ಅದು ಕಂದಾಗುತ್ತಿತ್ತು.

ಜೇಬಿನಲ್ಲಿ ಹಿಡಿಯುವ ಟಿಡಿಎಸ್ ಮೀಟರಿನ ವಿಷಯದಲ್ಲೂ ಇದೇ ತಪ್ಪು ತಿಳಿವಳಿಕೆಯಿದೆ. ಅದು ಹೇಳುವುದು ನೀರಿನಲ್ಲಿ ಕರಗಿರುವ ಲವಣಗಳ ಒಟ್ಟು ಪ್ರಮಾಣವನ್ನು ಮಾತ್ರ. ಮೀಟರು ಲೀಟರಿಗೆ 120 ಮಿಲಿಗ್ರಾಂ ತೋರಿಸುವ ನೀರಿನಲ್ಲಿ ಕಾಮಾಲೆಯ ವೈರಾಣು ಇರಬಹುದು, 700 ತೋರಿಸುವ ನೀರು ರೋಗಾಣುರಹಿತವಾಗಿರಬಹುದು.

ನಗರಕ್ಕೆ ಬರುವ ನೀರಿನ ಶುದ್ಧೀಕರಣ

ಮನೆಯಲ್ಲಿ ಮಾಡಬೇಕಾದದ್ದು ಏನೆಂದು ತಿಳಿಯಲು ದೊಡ್ಡ ಘಟಕದಲ್ಲಿ ನಡೆಯುವ ಕೆಲಸವನ್ನು ಒಮ್ಮೆ ನೋಡುವುದು ಒಳ್ಳೆಯದು. 1896ರಲ್ಲಿ ಹೆಸರಘಟ್ಟದಿಂದ, 1933ರಿಂದ ತಿಪ್ಪಗೊಂಡನಹಳ್ಳಿಯ ಚಾಮರಾಜಸಾಗರದಿಂದ ನೀರು ಪಡೆದ ಈ ಊರು 1974ರಿಂದ ಕಾವೇರಿಯನ್ನು ನೆಚ್ಚಿಕೊಂಡಿದೆ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧವಾಗುವ ನೀರು ಸುಮಾರು 100 ಕಿಲೋಮೀಟರ್ ದೂರ ಸಾಗಿ, ಹಾರೋಹಳ್ಳಿ ಮತ್ತು ತಾತಗುಣಿಗಳಲ್ಲಿ ಮತ್ತೆ ಪಂಪಾಗಿ, ಸುಮಾರು 500 ಮೀಟರ್ ಎತ್ತರವನ್ನು ಏರಿ ಬರುತ್ತದೆ. 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಐದನೇ ಹಂತವೊಂದೇ ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯದ್ದು. ಅಲ್ಲಿ ನಡೆಯುವ ಕೆಲಸದ ಕ್ರಮ ಮಾತ್ರ ಹಳೆಯದೇ: ಆಲಂ, ಅಂದರೆ ಪಟಿಕ, ಬೆರೆಸಿ ಬಗ್ಗಡವನ್ನು ಗಸಿಯಾಗಿ ಇಳಿಸುವುದು, ಮರಳಿನ ಹಾಸಿನ ಮೂಲಕ ಸೋಸುವುದು, ಕೊನೆಗೆ ಕ್ಲೋರಿನ್ ಹಾಕುವುದು. ಈ ಕ್ರಮ ತಲೆಕೆಳಗಾದರೆ ಕ್ಲೋರಿನ್ ರೋಗಾಣುಗಳನ್ನು ಮುಟ್ಟುವ ಮೊದಲೇ ಮಣ್ಣು, ಪಾಚಿಗಳ ಮೇಲೆ ಖರ್ಚಾಗಿಬಿಡುತ್ತದೆ.

ಹೀಗೆ ಶುದ್ಧವಾಗಿ ಹೊರಟ ನೀರು ಮನೆ ಸೇರುವಾಗ ಕೆಡುವುದೇಕೆ? ನೀರು ಬಿಡದ ಹೊತ್ತಿನಲ್ಲಿ ಕೊಳವೆ ಬರಿದಾಗಿರುತ್ತದೆ. ಅದರಲ್ಲಿ ಒತ್ತಡವಿಲ್ಲದ ಕಾರಣ ಸಣ್ಣ ಬಿರುಕು, ಸಡಿಲ ಜೋಡಣೆಗಳ ಮೂಲಕ ಸುತ್ತಲಿನ ಕೊಳಚೆ ಒಳಕ್ಕೆ ಸೇರಿಕೊಳ್ಳುತ್ತದೆ. ನೀರು ಬಂದ ಮೊದಲ ಕೆಲವು ನಿಮಿಷದ ನೀರನ್ನು ಸಂಪಿಗೆ ಬಿಡದೆ ಬಕೆಟ್‌ಗಳಲ್ಲಿ ಹಿಡಿದು ಗಿಡಗಳಿಗೆ, ನೆಲ ತೊಳೆಯಲು ಬಳಸುವುದು ಖರ್ಚಿಲ್ಲದ ಉಪಾಯ. ನಲ್ಲಿಯ ನೀರಿನಲ್ಲಿ ತೆಳುವಾದ ಕ್ಲೋರಿನ್ ವಾಸನೆ ಇದ್ದರೆ ಮೂಗು ಮುರಿಯಬೇಕಾಗಿಲ್ಲ, ದಾರಿಯುದ್ದಕ್ಕೂ ಕಾವಲು ಇತ್ತೆಂಬುದಕ್ಕೆ ಅದೇ ಗುರುತು. ಚರಂಡಿ ವಾಸನೆ ಬಂದರೆ ಮಾತ್ರ ಯಾವ ಯಂತ್ರವನ್ನೂ ನಂಬದೆ ಜಲಮಂಡಳಿಯ ಸಹಾಯವಾಣಿ 1916ಕ್ಕೆ ದೂರು ಕೊಡಬೇಕು.

ಮೊದಲ ಹೆಜ್ಜೆ: ನೀರಿನ ಪರೀಕ್ಷೆ

ಬೋರ್ ಅಥವಾ ಟ್ಯಾಂಕರ್ ನೀರು ಬಳಸುವವರು ವರ್ಷಕ್ಕೊಮ್ಮೆಯಾದರೂ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸುವುದು ಉತ್ತಮ. ಫಲಿತಾಂಶದ ಹಾಳೆಯನ್ನು ಭಾರತೀಯ ಮಾನಕ ಬ್ಯೂರೋದ ಐಎಸ್ 10500 ಮಾನದಂಡದೊಂದಿಗೆ ಹೋಲಿಸಿ ನೋಡಬೇಕು. ಅದರ ಪ್ರಕಾರ ಲೀಟರಿಗೆ ಕರಗಿದ ಲವಣ 500 ಮಿಲಿಗ್ರಾಂ, ಗಡಸುತನ 200 ಮಿಲಿಗ್ರಾಂ, ಫ್ಲೋರೈಡ್ 1 ಮಿಲಿಗ್ರಾಂ ಒಳಗಿರುವುದು ಒಳ್ಳೆಯದು. ಬೇರೆ ಮೂಲವಿಲ್ಲದಿದ್ದರೆ ಇವು ಕ್ರಮವಾಗಿ 2000, 600 ಮತ್ತು 1.5ರವರೆಗೆ ಹೋಗಬಹುದು. ನೈಟ್ರೇಟ್‌ಗೆ ಇಂಥ ರಿಯಾಯಿತಿ ಇಲ್ಲ, 45 ಮಿಲಿಗ್ರಾಂ ದಾಟಲೇಬಾರದು. ಮಲದ ಕೊಳಕನ್ನು ಸೂಚಿಸುವ ಇ-ಕೋಲಿ 100 ಮಿಲಿಲೀಟರ್ ನೀರಿನಲ್ಲಿ ಒಂದೂ ಇರಬಾರದು.

ಬೆಂಗಳೂರಿನವರು ಈ ಪಟ್ಟಿಯಲ್ಲಿ ಮೊದಲು ನೋಡಬೇಕಾದದ್ದು ನೈಟ್ರೇಟ್. ಒಳಚರಂಡಿಯ ಸೋರಿಕೆ ಅಂತರ್ಜಲಕ್ಕೆ ಇಳಿಯುವ ಊರುಗಳಲ್ಲಿ ಅದು ಸಹಜವಾಗಿಯೇ ಏರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕುದಿಸಿದರೆ ಹೋಗುವುದಿರಲಿ, ನೀರು ಆವಿಯಾದಷ್ಟೂ ಅದು ಸಾಂದ್ರವಾಗುತ್ತದೆ. ಹಸುಗೂಸಿಗೆ ಪುಡಿಹಾಲು ಕಲಸಿ ಕೊಡುವ ಮನೆಗಳಲ್ಲಿ ಈ ಒಂದು ಅಂಕಿ ಗೊತ್ತಿರಲೇಬೇಕು, ಏಕೆಂದರೆ ಹೆಚ್ಚಿನ ನೈಟ್ರೇಟ್ ಮಗುವಿನ ರಕ್ತ ಆಮ್ಲಜನಕ ಹೊರುವ ಶಕ್ತಿಯನ್ನೇ ಕುಂದಿಸುತ್ತದೆ.

ಎರಡನೆಯದು: ಸಂಪು

30×40ರ ನಿವೇಶನದಲ್ಲಿ ಕಟ್ಟಿದ ಮನೆಗಳಲ್ಲಿ ನೀರಿನ ಸಂಪೂ ಒಳಚರಂಡಿಯ ಚೇಂಬರೂ ಕಾರು ನಿಲ್ಲಿಸುವ ಜಾಗದ ಕೆಳಗೆ ಕೆಲವೇ ಅಡಿಗಳ ಅಂತರದಲ್ಲಿರುವುದು ಸಾಮಾನ್ಯ. ಚೇಂಬರ್ ಕಟ್ಟಿಕೊಂಡರೆ ಕೊಳಚೆ ಹುಡುಕುವ ದಾರಿ ಸಂಪಿನ ಗೋಡೆಯದೇ. ಸಾವಿರಾರು ರೂಪಾಯಿಯ ಯಂತ್ರವನ್ನು ಅಡುಗೆಮನೆಯಲ್ಲಿಟ್ಟು, ಸಂಪಿನ ಮುಚ್ಚಳವನ್ನು ವರ್ಷಗಟ್ಟಲೆ ತೆಗೆಯದವರು ನನಗೆ ತಿಳಿದಂತೆ ಕಡಿಮೆಯೇನಲ್ಲ.

ಆರು ತಿಂಗಳಿಗೊಮ್ಮೆ ಸಂಪನ್ನೂ ಮೇಲಿನ ಟ್ಯಾಂಕನ್ನೂ ಖಾಲಿ ಮಾಡಿ ಗೋಡೆಗಳನ್ನು ಉಜ್ಜಿ, ತಳದ ಕೆಸರನ್ನು ತೆಗೆಯಬೇಕು. ಗೋಡೆಯ ಬಿರುಕು, ಬೇರು ನುಗ್ಗಿರುವುದು, ಒಂದೇ ಕಡೆ ಜಿನುಗುವ ತೇವ, ಇವನ್ನೆಲ್ಲ ಆಗಲೇ ಗುರುತಿಸಿ ಸರಿಪಡಿಸಬೇಕು. ಮುಚ್ಚಿದ ಸಂಪಿನಲ್ಲಿ ಉಸಿರಾಟಕ್ಕೆ ಬೇಕಾದ ಗಾಳಿ ಇಲ್ಲದಿರಬಹುದು. ಆದ್ದರಿಂದ ಮುಚ್ಚಳವನ್ನು ಸಾಕಷ್ಟು ಮೊದಲೇ ತೆರೆದಿಟ್ಟು, ಮೋಟಾರಿನ ಮೇನ್ ಸ್ವಿಚ್ ಆರಿಸಿ, ಮೇಲೆ ಒಬ್ಬರು ಕಾವಲಿದ್ದ ನಂತರವೇ ಕೆಲಸದವರನ್ನು ಇಳಿಸಬೇಕು. ಒಳಗಿದ್ದವರು ಕುಸಿದರೆ ಮೇಲಿದ್ದವರು ಧುಮುಕದೆ ಅಗ್ನಿಶಾಮಕ ದಳವನ್ನು ಕರೆಯಬೇಕು. ಚರಂಡಿ ನೀರು ಬೆರೆತಿದ್ದ ಸಂಪಾಗಿದ್ದರೆ, ತೊಳೆದ ಮೇಲೆ ನೀರು ತುಂಬಿಸಿ ಸಾವಿರ ಲೀಟರಿಗೆ 200 ಗ್ರಾಂ ಬ್ಲೀಚಿಂಗ್ ಪೌಡರಿನಂತೆ ಹಾಕಿ 12 ಗಂಟೆ ಬಿಡಬೇಕು. ಆ ನೀರು ಕುಡಿಯಲು ಬಾರದು, ಶೌಚಾಲಯ ಮತ್ತು ಅಂಗಳ ತೊಳೆಯಲು ಆಗುತ್ತದೆ.

ಮೂರನೆಯದು: ತಿಳಿಗೊಳಿಸುವುದು

ಟ್ಯಾಂಕರ್ ನೀರು ಬಗ್ಗಡವಾಗಿದ್ದರೆ ಪಟಿಕದ ತುಂಡನ್ನು ಬಿಂದಿಗೆಯ ನೀರಿನಲ್ಲಿ ನಾಲ್ಕೈದು ಸುತ್ತು ತಿರುಗಿಸುವ ಅಜ್ಜಿಯ ವಿಧಾನ ಈಗಲೂ ಸರಿಯೇ. ಜೇಡಿಯ ಸೂಕ್ಷ್ಮ ಕಣಗಳು ಒಂದೇ ಬಗೆಯ ವಿದ್ಯುದಂಶ ಹೊತ್ತು ಒಂದನ್ನೊಂದು ದೂಡುವುದರಿಂದ ತಳಕ್ಕೆ ಇಳಿಯುವುದಿಲ್ಲ. ಪಟಿಕದ ಅಲ್ಯೂಮಿನಿಯಂ ಆ ವಿದ್ಯುದಂಶವನ್ನು ತಣಿಸುತ್ತದೆ, ಕಣಗಳು ಅಂಟಿಕೊಂಡು ಹತ್ತಿಯ ಎಳೆಯಂತಾಗಿ ಇಳಿಯುತ್ತವೆ. ಮೊದಲು ಜೋರಾಗಿ, ಆಮೇಲೆ ನಿಧಾನವಾಗಿ ಕಲಕಿ, ಒಂದೆರಡು ಗಂಟೆ ಅಲುಗಿಸದೆ ಬಿಟ್ಟು, ಮೇಲಿನ ತಿಳಿಯನ್ನು ನಾಲ್ಕು ಮಡಿಕೆಯ ಹತ್ತಿ ಬಟ್ಟೆಯಲ್ಲಿ ಸೋಸಿಕೊಳ್ಳಬೇಕು. ಸ್ಟೀಲ್ ಫಿಲ್ಟರಿನ ಕ್ಯಾಂಡಲ್ ಇನ್ನೂ ಸೂಕ್ಷ್ಮವಾಗಿ ಸೋಸುತ್ತದೆ. ಅದನ್ನು ಸೋಪು ಹಾಕದೆ ಮೆತ್ತನೆಯ ಬ್ರಷ್ಷಿನಿಂದ ಉಜ್ಜಬೇಕು, ಸೀಳು ಕಂಡ ದಿನವೇ ಬದಲಿಸಬೇಕು. ಕ್ಯಾಂಡಲ್ ವೈರಾಣುಗಳನ್ನು ತಡೆಯಲಾರದಾದ್ದರಿಂದ ಇಲ್ಲಿಗೇ ನಿಲ್ಲಿಸುವಂತಿಲ್ಲ.

ನಾಲ್ಕನೆಯದು: ರೋಗಾಣುಗಳ ನಾಶ

ಕುದಿಸುವುದಕ್ಕಿಂತ ನಂಬಿಕೆಯ ವಿಧಾನ ಮನೆಯಲ್ಲಿ ಬೇರೊಂದಿಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ, ರೋಗಾಣುಗಳನ್ನು ಕೊಲ್ಲಲು ಅಷ್ಟು ಧಾರಾಳವಾಗಿ ಸಾಕು. ತಳದಲ್ಲಿ ಗುಳ್ಳೆ ಏಳುವುದನ್ನು ಕುದಿ ಎಂದು ತಿಳಿಯದೆ, ನೀರು ಕೊತಕೊತ ಕುದಿಯಲು ಹತ್ತಿದ ಮೇಲೆ ಪೂರ್ತಿ ಒಂದು ನಿಮಿಷ ಬಿಟ್ಟು ಇಳಿಸಬೇಕು. ಹತ್ತು ಇಪ್ಪತ್ತು ನಿಮಿಷ ಕುದಿಸುವುದರಿಂದ ಗ್ಯಾಸ್ ಮುಗಿಯುತ್ತದೆಯೇ ಹೊರತು ಹೆಚ್ಚಿನ ಲಾಭವಿಲ್ಲ. ಅದೇ ಪಾತ್ರೆಯಲ್ಲಿ ಮುಚ್ಚಳ ಹಾಕಿ ಆರಲು ಬಿಡಬೇಕು. ಬೇಗ ಆರಲೆಂದು ಒಂದು ಚೊಂಬು ತಣ್ಣೀರು ಬೆರೆಸುವ ಅಭ್ಯಾಸ ಕುದಿಸಿದ್ದನ್ನೆಲ್ಲ ವ್ಯರ್ಥ ಮಾಡುತ್ತದೆ. ಬೋರ್ ನೀರು ಕುದಿಸಿದ ಪಾತ್ರೆಗೆ ಹತ್ತುವ ಬಿಳಿಯ ಹೆಕ್ಕಳೆ ಬರೀ ಸುಣ್ಣದಂಶ, ಅದಕ್ಕೆ ಹೆದರಬೇಕಿಲ್ಲ.

ಟ್ಯಾಂಕರ್ ತುಂಬಿಸಿಕೊಂಡ ದಿನ ಸಂಪಿನ ನೀರಿಗೆಲ್ಲ ಒಟ್ಟಾಗಿ ಬ್ಲೀಚಿಂಗ್ ಪೌಡರ್ ಹಾಕುವುದು ಜಾಣತನ. ತಿಳಿಯಾದ ನೀರಿಗೆ ಸಾವಿರ ಲೀಟರಿಗೆ ಸುಮಾರು 2.5 ಗ್ರಾಂ, ಅಂದರೆ 6000 ಲೀಟರಿನ ಟ್ಯಾಂಕರಿಗೆ 15 ಗ್ರಾಂ ಬೇಕು. ಕಣ್ಣಳತೆಯಲ್ಲಿ ಹಾಕದೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಪ್ಲಾಸ್ಟಿಕ್ ಬಕೆಟಿನಲ್ಲಿ ಮೊದಲು ಸ್ವಲ್ಪ ನೀರಿನೊಂದಿಗೆ ಗಂಜಿಯಂತೆ ಕಲಸಿ, ಆಮೇಲೆ ಬಕೆಟ್ ತುಂಬಿಸಿ, ಹತ್ತು ನಿಮಿಷ ಬಿಟ್ಟು, ಸುಣ್ಣದ ಗಸಿಯನ್ನು ತಳದಲ್ಲೇ ಉಳಿಸಿ ಮೇಲಿನ ತಿಳಿಯನ್ನು ಮಾತ್ರ ಸಂಪಿಗೆ ಸುರಿಯಬೇಕು. ಒಂದು ಗಂಟೆಯ ನಂತರ ಕ್ಲೋರಿನ್ ಪರೀಕ್ಷಾ ಕಿಟ್‌ನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರುವುದು ಕಾಣಬೇಕು. ಕಾಣದಿದ್ದರೆ ಪೌಡರು ಹಳತಾಗಿದೆ ಅಥವಾ ನೀರಿನಲ್ಲಿ ಕೊಳಕು ಹೆಚ್ಚಿದೆ ಎಂದು ತಿಳಿದು ಇನ್ನಷ್ಟು ಹಾಕಬೇಕು. ಬಾಯಿ ತೆರೆದಿಟ್ಟ ಪ್ಯಾಕೆಟ್ಟಿನ ಪೌಡರು ತೇವಕ್ಕೂ ಬೆಳಕಿಗೂ ಬೇಗ ಸತ್ತ್ವ ಕಳೆದುಕೊಳ್ಳುತ್ತದೆ. ಬಚ್ಚಲು ತೊಳೆಯುವ ಆ್ಯಸಿಡ್ ಇದರೊಂದಿಗೆ ಎಂದಿಗೂ ಸೇರಬಾರದು, ಸೇರಿದರೆ ವಿಷಾನಿಲ ಏಳುತ್ತದೆ.

ದೀಪದ ನೇರಳಾತೀತ ಕಿರಣದಿಂದ ರೋಗಾಣುಗಳನ್ನು ಕೊಲ್ಲುವ ಯುವಿ ಯಂತ್ರ ತಿಳಿಯಾದ ನೀರಿನಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಬಗ್ಗಡದ ಕಣಗಳ ಮರೆಯಲ್ಲಿ ರೋಗಾಣುಗಳು ಉಳಿದುಕೊಳ್ಳುತ್ತವೆ. ದೀಪ ಉರಿಯುತ್ತಿದ್ದರೂ ಅದರ ಕೊಲ್ಲುವ ಶಕ್ತಿ ಕಾಲಕ್ರಮೇಣ ಇಳಿಯುವುದರಿಂದ ತಯಾರಕರು ಹೇಳಿದ ಅವಧಿಗೆ ಸರಿಯಾಗಿ ಬದಲಿಸಬೇಕು.

ಐದನೆಯದು: ಬೇಕಿದ್ದರೆ ಮಾತ್ರ ಆರ್‌ಒ

ಕಾವೇರಿ ನೀರಿನ ಲವಣಾಂಶ ಸಾಮಾನ್ಯವಾಗಿ 500ಕ್ಕಿಂತ ಸಾಕಷ್ಟು ಕೆಳಗೇ ಇರುತ್ತದೆ. ಅದೊಂದೇ ಬರುವ ಮನೆಗೆ, ಮೆಂಬ್ರೇನ್ ಎಂಬ ಸೂಕ್ಷ್ಮ ಪೊರೆಯ ಮೂಲಕ ನೀರನ್ನು ಒತ್ತಿ ಲವಣ ತೆಗೆಯುವ ಆರ್‌ಒ ಬೇಕಿಲ್ಲ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಕ್ಯಾಂಡಲ್ ಮತ್ತು ಕುದಿಸುವಿಕೆ, ಅಥವಾ ಯುವಿ ಸಾಕು. ಬೋರ್ ನೀರಿನಲ್ಲಿ ಲವಣ, ನೈಟ್ರೇಟ್ ಅಥವಾ ಫ್ಲೋರೈಡ್ ಮಿತಿ ಮೀರಿದ್ದರೆ ಆಗ ಆರ್‌ಒ ಅನಿವಾರ್ಯ. ಮನೆಬಳಕೆಯ ಯಂತ್ರ ಒಂದು ಲೀಟರ್ ಕೊಡಲು ಸಾಮಾನ್ಯವಾಗಿ ಎರಡು ಮೂರು ಲೀಟರ್ ಹೊರಕ್ಕೆ ಬಿಡುತ್ತದೆ. ಆ ನೀರನ್ನು ಸಿಂಕಿಗೆ ಬಿಡದೆ ಬಕೆಟಿನಲ್ಲಿ ಹಿಡಿದರೆ ನೆಲ ಒರೆಸಲು, ಶೌಚಾಲಯಕ್ಕೆ ಬಳಸಬಹುದು. ಉಪ್ಪು ಹೆಚ್ಚಿರುವುದರಿಂದ ಕುಂಡದ ಗಿಡಗಳಿಗೆ ಬೇಡ.

ಟಿಡಿಎಸ್ ಮೀಟರ್ ನಿಜವಾಗಿ ಉಪಯೋಗಕ್ಕೆ ಬರುವುದು ಇಲ್ಲಿ. ಯಂತ್ರಕ್ಕೆ ಹೋಗುವ ನೀರು 900 ಇದ್ದು ಹೊರಬರುವುದು 90ರ ಸುಮಾರಿನಲ್ಲಿದ್ದರೆ ಮೆಂಬ್ರೇನ್ ಸರಿಯಾಗಿದೆ. ಅದು 250ಕ್ಕೆ ಏರಿದ್ದರೆ ಸರ್ವೀಸಿನವರು ಏನೇ ಹೇಳಲಿ, ಮೆಂಬ್ರೇನ್ ಬದಲಿಸುವ ಕಾಲ ಬಂದಿದೆ.

ಕೊನೆಯದು: ಇಟ್ಟುಕೊಳ್ಳುವ ಬಗೆ

ಆರ್‌ಒ, ಯುವಿ, ಕುದಿಸಿದ ನೀರು, ಇವು ಯಾವುದರಲ್ಲೂ ಕ್ಲೋರಿನ್ ಉಳಿದಿರುವುದಿಲ್ಲವಾದ್ದರಿಂದ ಒಂದು ಕೈ ತಾಗಿದರೂ ಮತ್ತೆ ಕೆಡುತ್ತವೆ. ಅಗಲ ಬಾಯಿಯ ಕೊಡಕ್ಕೆ ಲೋಟ ಅದ್ದುವ ಬದಲು ನಲ್ಲಿಯಿರುವ ಪಾತ್ರೆಯನ್ನೋ ಉದ್ದ ಹಿಡಿಯ ಸೌಟನ್ನೋ ಬಳಸಬೇಕು, ಪಾತ್ರೆಯನ್ನು ತೊಳೆದು ದಿನವೂ ಹೊಸ ನೀರು ತುಂಬಬೇಕು. ನಾಣ್ಯ ಹಾಕಿ ನೀರು ಪಡೆಯುವ ಘಟಕಗಳಿಂದ ತರುವ 20 ಲೀಟರಿನ ಕ್ಯಾನಿಗೂ ಇದೇ ಮಾತು: ಘಟಕದ ನೀರು ಎಷ್ಟೇ ಶುದ್ಧವಾಗಿದ್ದರೂ ಒಳಗೋಡೆ ಲೋಳೆಗಟ್ಟಿದ ಕ್ಯಾನ್ ಅದನ್ನು ಕೆಡಿಸುತ್ತದೆ.

ಇಷ್ಟೆಲ್ಲ ಮಾಡಿದ ನೀರು ನಿಜಕ್ಕೂ ಚೊಕ್ಕವೇ ಎಂದು ನೋಡಲು ಎಚ್‌ಟುಎಸ್ ಪರೀಕ್ಷೆಯ ಸಣ್ಣ ಬಾಟಲಿಗಳು ಸಿಗುತ್ತವೆ. ಕುಡಿಯುವ ಪಾತ್ರೆಯಿಂದಲೇ ಗುರುತಿನವರೆಗೆ ನೀರು ತುಂಬಿ, ಬೆಚ್ಚಗಿರುವ ಜಾಗದಲ್ಲಿ 24ರಿಂದ 48 ಗಂಟೆ ಇಡಬೇಕು. ನೀರು ಕಪ್ಪಾದರೆ ಮಲದ ಕೊಳಕು ಸೇರಿರುವ ಸಂಭವ ಹೆಚ್ಚು. ಆಗ ಇನ್ನೊಂದು ಬಾಟಲಿಗೆ ಯಂತ್ರದಿಂದ ನೇರವಾಗಿ, ಮತ್ತೊಂದಕ್ಕೆ ಸಂಪಿನಿಂದ ನೀರು ತುಂಬಿಸಿಟ್ಟರೆ, ಕೆಟ್ಟದ್ದು ಪಾತ್ರೆಯಲ್ಲೋ ಯಂತ್ರದಲ್ಲೋ ಸಂಪಿನಲ್ಲೋ ಎಂಬುದು ಒಂದೆರಡು ದಿನದಲ್ಲೇ ತಿಳಿಯುತ್ತದೆ.