ನನ್ನ ಕಥೆಯ ಮಳೆದೇವರು

ನನ್ನ ವಿಜ್ಞಾನ ಕಥೆಯಲ್ಲಿ ಒಬ್ಬ ದೇವರಿದ್ದಾನೆ. ನಿಜ ಹೇಳಬೇಕೆಂದರೆ ಬೇರೆ ಗ್ರಹಕ್ಕೆ ಬಂದಿಳಿದ ನೌಕೆಯ ಸಿಬ್ಬಂದಿಯ ಮೊಮ್ಮಗ, ಅಷ್ಟೇ. ಜನ ಬೆಳೆಯಲ್ಲಿ ಪಾಲು ಕೊಡುತ್ತಾರೆ, ಅವನು ಮಳೆ ಕೊಡುತ್ತಾನೆ.

ಬರೆಯಲು ಕೂತಾಗ ಅವನ ಕೈಲಿ ಏನೇನು ಆಗುವುದಿಲ್ಲ ಅನ್ನೋದನ್ನು ಮೊದಲು ಬರೆದಿಟ್ಟುಕೊಂಡೆ. ಎಲ್ಲವೂ ಸಾಧ್ಯ ಅಂದಮೇಲೆ ಕಥೆ ಎಲ್ಲಿಂದ ಹುಟ್ಟಬೇಕು, ಅಲ್ವಾ? ಪುರಾಣದ ವರಗಳಲ್ಲೂ ಒಂದು ಸಂದು ಇದ್ದೇ ಇರುತ್ತದೆ. ಒಳಗೂ ಹೊರಗೂ ಸಾಯಬಾರದು ಅಂತ ಕೇಳಿಕೊಂಡ ಹಿರಣ್ಯಕಶಿಪು ಹೊಸ್ತಿಲ ಮೇಲೆ ಸತ್ತ. ನನ್ನ ದೇವರಿಗೆ ಸಂದು ಸಿಕ್ಕಿದ್ದು ಮೋಡ ಬಿತ್ತನೆಯಲ್ಲಿ. 2017ರಲ್ಲಿ ಕರ್ನಾಟಕ ಸರ್ಕಾರವೂ ಮಾಡಿಸಿತ್ತು, ನೆನಪಿರಬಹುದು. ವಿಮಾನದಿಂದ ಸಿಲ್ವರ್ ಅಯೋಡೈಡ್ ಥರದ ಕಣ ಸಿಡಿಸಿದರೆ ಮೋಡದ ನೀರು ಅದರ ಸುತ್ತ ಕಟ್ಟಿಕೊಂಡು ಭಾರವಾಗಿ ಬೀಳಬಹುದು, ಆದರೆ ಮೋಡವೇ ಇಲ್ಲದಿದ್ದರೆ ಎಷ್ಟು ಸಿಡಿಸಿದರೂ ದಂಡ.

ಅಂದರೆ ಮೋಡ ಯಾವತ್ತು ಬರುತ್ತದೆ ಅಂತ ಇವನೊಬ್ಬನಿಗೇ ಗೊತ್ತಿರಬೇಕು. ಇದಕ್ಕೆ ಕೊಲಂಬಸ್ ನೆರವಿಗೆ ಬಂದ. 1504ರ ಫೆಬ್ರುವರಿಯಲ್ಲಿ ಅವನು ಜಮೈಕಾದಲ್ಲಿ ಸಿಕ್ಕಿಹಾಕಿಕೊಂಡಿದ್ದ, ಅಲ್ಲಿನ ಜನ ಆಹಾರ ಕೊಡುವುದನ್ನು ನಿಲ್ಲಿಸಿದ್ದರು. ಅವನ ಹತ್ತಿರ ಗ್ರಹಣದ ದಿನ ಬರೆದಿದ್ದ ಪಂಚಾಂಗವಿತ್ತು. "ನನ್ನ ದೇವರಿಗೆ ಸಿಟ್ಟು ಬಂದಿದೆ, ಚಂದ್ರನನ್ನೇ ನೋಡಿ" ಅಂದ. ಚಂದ್ರ ಕೆಂಪಾದ, ಆಹಾರ ಬಂತು. ಈ ಉಪಾಯವನ್ನು ಸುಮ್ನೆ ಎತ್ತಿಕೊಂಡೆ.

ಕಥೆ ಹೇಳುವವಳು ಯಂತ್ರ ರಿಪೇರಿ ಮಾಡುವ ಹುಡುಗಿ. ಜಾಸ್ತಿ ತಿದ್ದಿದ್ದು ಒಂದೇ ದೃಶ್ಯ. ಪಾಲು ಕೊಡದ ಊರಿನ ಮೇಲೆ ಮೋಡ ನಿಂತಿದೆ.

"ಮೋಡ ಇದೆಯಲ್ಲಾ ಸ್ವಾಮಿ, ಹಾರಿಸಲಾ?"

"ಇರಲಿ. ಮೊದಲು ಬಂದು ಕೇಳಲಿ."

ಇಲ್ಲಿ ಅವನನ್ನು ರಾಕ್ಷಸನಂತೆ ನಗಿಸಲಿಲ್ಲ. ತಾನು ಶಿಸ್ತು ಕಲಿಸುತ್ತಿದ್ದೇನೆ ಅಂತಲೇ ಅವನು ನಂಬಿದ್ದಾನೆ. ಜನರ ಭಕ್ತಿಯನ್ನೂ ಗೇಲಿ ಮಾಡಲಿಲ್ಲ. ಮಳೆಗಿಂತ ಮುಂಚೆಯೂ ಹಾಡುತ್ತಿದ್ದ ಒಬ್ಬ ಅಜ್ಜಿಯನ್ನು ತಂದೆ, ಅವಳ ದೇವರು ಬೇರೆ, ಏನೂ ಕೇಳುವುದಿಲ್ಲ.

ಕರಡು ಓದಿದ ಗೆಳೆಯ ಕೊನೆಗೆ ದೇವರನ್ನು ಸಾಯಿಸು ಅಂದ. ನಾನು ಒಪ್ಪಲಿಲ್ಲ. ಹುಡುಗಿ ಮೋಡದ ಲೆಕ್ಕವನ್ನು ಬಾವಿಕಟ್ಟೆಯ ಗೋಡೆಗೆ ಅಂಟಿಸುತ್ತಾಳೆ. ಮುಂದಿನ ಸುಗ್ಗಿಯಲ್ಲೂ ಅರ್ಧ ಊರು ಪಾಲು ಹೊತ್ತು ಅವನ ಬಾಗಿಲಿಗೇ ಹೋಗುತ್ತದೆ, ಗೋಡೆಯ ಲೆಕ್ಕ ಓದಿ ಹೇಳುವುದಕ್ಕೆ ಇನ್ನೊಬ್ಬ ಕಾಣಿಕೆ ಕೇಳಲು ಶುರು ಮಾಡಿರುತ್ತಾನೆ.