ಕಾಲೇಜಿನ ಅಥ್ಲೆಟಿಕ್ಸ್ ತರಬೇತುದಾರರಾಗಲು ಬೇಕಾದ ಸಿದ್ಧತೆ

ಕರ್ನಾಟಕದ ಬಹುಪಾಲು ಪದವಿ ಕಾಲೇಜುಗಳಲ್ಲಿ ಅಥ್ಲೆಟಿಕ್ಸ್‌ಗೆಂದೇ ತರಬೇತುದಾರರ ಹುದ್ದೆ ಇರುವುದಿಲ್ಲ. ವಿದ್ಯಾರ್ಥಿಗಳು ‘ಪಿ.ಡಿ. ಸರ್’ ಅಥವಾ ‘ಪಿ.ಡಿ. ಮೇಡಂ’ ಎಂದು ಕರೆಯುವ ದೈಹಿಕ ಶಿಕ್ಷಣ ನಿರ್ದೇಶಕರೇ ಕಬಡ್ಡಿ, ವಾಲಿಬಾಲ್, ಖೋಖೋ ತಂಡಗಳ ಜೊತೆಗೆ ಓಟ, ಜಿಗಿತ, ಎಸೆತಗಳನ್ನೂ ನೋಡಿಕೊಳ್ಳಬೇಕಾಗುತ್ತದೆ. ಆದ್ದರಿಂದ ಈ ವೃತ್ತಿಗೆ ಬರಬೇಕೆಂದಿರುವವರು ಹುದ್ದೆ ಪಡೆಯಲು ಬೇಕಾದ ಅರ್ಹತೆ ಮತ್ತು ತರಬೇತಿ ನೀಡಲು ಬೇಕಾದ ವಿದ್ಯೆ ಎಂಬ ಎರಡು ಬೇರೆ ಬೇರೆ ಸಿದ್ಧತೆಗಳನ್ನು ಒಟ್ಟೊಟ್ಟಿಗೇ ಮಾಡಿಕೊಳ್ಳಬೇಕು. ಮೊದಲನೆಯದರಲ್ಲೇ ನಿಂತುಬಿಡುವವರೇ ಹೆಚ್ಚು, ಮತ್ತು ಅದರ ನಷ್ಟವನ್ನು ಅನುಭವಿಸುವವರು ಅವರ ಕೈಗೆ ಬರುವ ಮಕ್ಕಳು.

ಅರ್ಹತೆಯ ದಾರಿ ಸ್ಪಷ್ಟವಾಗಿದೆ. ಪದವಿಯ ನಂತರ ದೈಹಿಕ ಶಿಕ್ಷಣದಲ್ಲಿ ಎರಡು ವರ್ಷದ ಬಿ.ಪಿ.ಎಡ್., ಆಮೇಲೆ ಅದರದೇ ಸ್ನಾತಕೋತ್ತರ ಪದವಿಯಾದ ಎರಡು ವರ್ಷದ ಎಂ.ಪಿ.ಎಡ್. ಮುಗಿಸಬೇಕು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಾವಳಿಯ ಪ್ರಕಾರ ಸ್ನಾತಕೋತ್ತರ ಪದವಿಯಲ್ಲಿ ಶೇ. 55 ಅಂಕ, ಕಾಲೇಜು ಬೋಧಕರ ಅರ್ಹತಾ ಪರೀಕ್ಷೆಗಳಾದ ನೆಟ್ (ರಾಷ್ಟ್ರಮಟ್ಟದ್ದು) ಅಥವಾ ಕೆ-ಸೆಟ್ (ರಾಜ್ಯದ್ದು) ತೇರ್ಗಡೆ ಇಲ್ಲವೇ ನಿಯಮಾನುಸಾರ ಪಡೆದ ಪಿಎಚ್.ಡಿ., ಅಂತರ ಕಾಲೇಜು ಅಥವಾ ಅದಕ್ಕಿಂತ ಮೇಲಿನ ಮಟ್ಟದಲ್ಲಿ ಆಡಿದ ದಾಖಲೆ, ಇವುಗಳ ಜೊತೆಗೆ ದೈಹಿಕ ಸಾಮರ್ಥ್ಯದ ಪರೀಕ್ಷೆಯೂ ಉಂಟು. 30 ವರ್ಷದೊಳಗಿನ ಪುರುಷರು 12 ನಿಮಿಷದಲ್ಲಿ 1,800 ಮೀಟರ್, ಮಹಿಳೆಯರು 8 ನಿಮಿಷದಲ್ಲಿ 1,000 ಮೀಟರ್ ಕ್ರಮಿಸಬೇಕು. ವಯಸ್ಸು ಹೆಚ್ಚಿದಂತೆ ಈ ದೂರ ಕಡಿಮೆಯಾಗುತ್ತದೆ. ಅಭ್ಯಾಸದಲ್ಲಿರುವವರಿಗೆ ಇದೇನೂ ಕಷ್ಟವಲ್ಲವಾದರೂ ನೆಟ್‌ಗಾಗಿ ಓದುತ್ತ ಮೈದಾನವನ್ನೇ ಮರೆತವರಿಗೆ ಕಷ್ಟವಾಗಬಹುದು. ವಿದ್ಯಾರ್ಥಿ ದೆಸೆಯಲ್ಲಿ ಪಡೆದ ಕ್ರೀಡಾ ಪ್ರಮಾಣಪತ್ರಗಳನ್ನು ಆಗಿನಿಂದಲೇ ಜೋಪಾನವಾಗಿಡಿ, ಏಕೆಂದರೆ ವರ್ಷಗಳ ನಂತರ ಅವುಗಳ ನಕಲು ಸಿಗುವುದು ದುಸ್ತರ.

ಎಂ.ಪಿ.ಎಡ್. ಎಲ್ಲ ಕ್ರೀಡೆಗಳ ಪರಿಚಯ ಮಾಡಿಕೊಡುತ್ತದೆ. ಒಬ್ಬ ಹರ್ಡಲ್ಸ್ ಓಟಗಾರ್ತಿಯ ಮೂರು ಹೆಜ್ಜೆಯ ಲಯ ಆರನೆಯ ಹರ್ಡಲ್‌ನಲ್ಲಿ ಯಾಕೆ ತಪ್ಪುತ್ತದೆ ಎಂದು ಗುರುತಿಸುವ ಕಣ್ಣನ್ನು ಅದೊಂದೇ ಕೊಡಲಾರದು. ಅದಕ್ಕಾಗಿ ಪಟಿಯಾಲದ ನೇತಾಜಿ ಸುಭಾಷ್ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ, ಅಂದರೆ ಎಲ್ಲರೂ ಎನ್‌ಐಎಸ್ ಎನ್ನುವ ಸಂಸ್ಥೆಯ, ತರಬೇತಿ ಡಿಪ್ಲೊಮಾ ಮಾಡಿಕೊಳ್ಳುವುದು ಒಳ್ಳೆಯದು. ಪೂರ್ಣಾವಧಿಯ ಡಿಪ್ಲೊಮಾಗೆ ಬಿಡುವಿಲ್ಲದವರಿಗೆ ಆರು ವಾರಗಳ ಸರ್ಟಿಫಿಕೇಟ್ ಕೋರ್ಸ್ ಇದೆ. ಭಾರತೀಯ ಅಥ್ಲೆಟಿಕ್ಸ್ ಫೆಡರೇಷನ್ ನಡೆಸುವ ವರ್ಲ್ಡ್ ಅಥ್ಲೆಟಿಕ್ಸ್‌ನ ಮೊದಲ ಹಂತದ ತರಬೇತುದಾರರ ಕೋರ್ಸನ್ನೂ ಬಿಡಬೇಡಿ. ಓಟಗಾರ್ತಿಯರಾದ ಅಶ್ವಿನಿ ನಾಚಪ್ಪ, ವಂದನಾ ರಾವ್ ಮುಂತಾದವರನ್ನು ತಯಾರು ಮಾಡಿದ ಪುರುಷೋತ್ತಮ ರೈ ಅವರು 1974ರಲ್ಲಿ ಎನ್‌ಐಎಸ್‌ನಿಂದ ಹೊರಬಂದು ನೆಹರು ಯುವ ಕೇಂದ್ರದಲ್ಲಿ ಕೆಲಸ ಆರಂಭಿಸಿದವರು. ಅವರಿಗೆ ದ್ರೋಣಾಚಾರ್ಯ ಪ್ರಶಸ್ತಿ ಘೋಷಣೆಯಾದದ್ದು 2020ರಲ್ಲಿ, ಅದನ್ನು ಸ್ವೀಕರಿಸುವ ಮುನ್ನಾದಿನವೇ ಅವರು ತೀರಿಕೊಂಡರು. ಹೆಸರು ಬರಲು ಇಷ್ಟು ಕಾಲ ಹಿಡಿಯಬಹುದಾದ ವೃತ್ತಿ ಇದು ಎಂಬುದನ್ನು ಮೊದಲೇ ಒಪ್ಪಿಕೊಂಡು ಬರಬೇಕು.

ಮೊದಲ ಕೆಲಸ ಬಹುತೇಕರಿಗೆ ಅತಿಥಿ ಬೋಧಕರಾಗಿಯೋ ಖಾಸಗಿ ಕಾಲೇಜಿನಲ್ಲಿ ಗುತ್ತಿಗೆಯ ಮೇಲೋ ಸಿಗುತ್ತದೆ. ಸಂದರ್ಶನದಲ್ಲಿ ಸಂಬಳವನ್ನಷ್ಟೇ ಕೇಳಿ ಬರಬೇಡಿ. ಮೈದಾನ ಕಾಲೇಜಿನದೇ ಅಥವಾ ಬೇರೆಯವರ ಅನುಮತಿ ಬೇಕೇ, ಕ್ರೀಡಾಪಟುಗಳಿಗೆ ಹಾಸ್ಟೆಲ್ ಮತ್ತು ಶುಲ್ಕ ರಿಯಾಯಿತಿ ಇದೆಯೇ, ಬೆಳಗಿನ ಅಭ್ಯಾಸ ಮುಗಿಸಿ ಬರುವವರಿಗೆ ಹಾಸ್ಟೆಲಿನಲ್ಲಿ ತಿಂಡಿ ಉಳಿದಿರುತ್ತದೆಯೇ ಎಂದು ಕೇಳಿ ತಿಳಿದುಕೊಳ್ಳಿ. ಮೂಡುಬಿದಿರೆಯಂಥ ಚಿಕ್ಕ ಊರು ಅಥ್ಲೆಟಿಕ್ಸ್‌ನಲ್ಲಿ ದೇಶಕ್ಕೇ ಗೊತ್ತಾಗಿ, 2020ರ ಜನವರಿಯಲ್ಲಿ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಕೂಟಕ್ಕೆ ಆತಿಥ್ಯ ವಹಿಸುವಷ್ಟು ಬೆಳೆದದ್ದರ ಹಿಂದೆ ಮಕ್ಕಳ ವಸತಿ, ಊಟ, ಓದು ಎಲ್ಲವನ್ನೂ ಒಂದೇ ಕಡೆ ಹೊಂದಿಸಿದ ವ್ಯವಸ್ಥೆ ಇದೆ.

ಕೆಲಸಕ್ಕೆ ಸೇರಿದ ಮೇಲೆ ನಿಮ್ಮ ವಿದ್ಯೆಯ ಮೊದಲ ಪರೀಕ್ಷೆ ನಡೆಯುವುದು ಟ್ರ್ಯಾಕಿನ ಗೆರೆ ಹಾಕುವ ಸುಣ್ಣ ಮತ್ತು ಅಳತೆಯ ಟೇಪಿನ ಜೊತೆ. ನಮ್ಮಲ್ಲಿ ಅನೇಕ ಕಾಲೇಜುಗಳಿಗೆ ಇರುವುದು 200 ಮೀಟರಿನ ಮಣ್ಣಿನ ಟ್ರ್ಯಾಕ್. ಲೇನಿನ ಅಗಲ 1.22 ಮೀಟರ್ ಇದ್ದರೆ, ಪೂರ್ತಿ ಒಂದು ಸುತ್ತಿಗೆ ಪ್ರತಿ ಹೊರ ಲೇನಿಗೂ ಅದರ ಪಕ್ಕದ ಒಳ ಲೇನಿಗಿಂತ ಕೊಡಬೇಕಾದ ಮುನ್ನಡೆ, ಅಂದರೆ ಸ್ಟ್ಯಾಗರ್, 7.67 ಮೀಟರ್. ಇದು ಲೇನಿನ ಅಗಲವನ್ನು ಎರಡು ಪೈನಿಂದ (2π) ಗುಣಿಸಿದಾಗ ಬರುವ ಅಂಕಿ. ಟ್ರ್ಯಾಕ್ 200 ಮೀಟರಿನದಾಗಲಿ 400 ಮೀಟರಿನದಾಗಲಿ ಇದು ಬದಲಾಗುವುದಿಲ್ಲ. ಒಳಬದಿಗೆ ಕಟ್ಟೆಯಿರುವ ಸಿಂಥೆಟಿಕ್ ಟ್ರ್ಯಾಕಿನಲ್ಲಿ ಮಾತ್ರ ಮೊದಲ ಲೇನನ್ನು ಕಟ್ಟೆಯಿಂದ 30 ಸೆಂ.ಮೀ., ಉಳಿದವನ್ನು ಗೆರೆಯಿಂದ 20 ಸೆಂ.ಮೀ. ಹೊರಗೆ ಅಳೆಯುವುದರಿಂದ ಎರಡನೆಯ ಲೇನಿನ ಸ್ಟ್ಯಾಗರ್ 7.04 ಮೀಟರ್ ಆಗುತ್ತದೆ. 200 ಮೀಟರ್ ಟ್ರ್ಯಾಕಿನಲ್ಲಿ 400 ಮೀಟರ್ ಓಟವನ್ನು ಪೂರ್ತಿ ಲೇನಿನಲ್ಲೇ ಓಡಿಸುವುದಾದರೆ ಎರಡು ಸುತ್ತು ಆಗುವುದರಿಂದ ಸ್ಟ್ಯಾಗರ್ ದುಪ್ಪಟ್ಟಾಗಬೇಕು. ಅದನ್ನು ಮರೆತು ಒಂದೇ ಸುತ್ತಿನ ಲೆಕ್ಕ ಹಾಕಿದರೆ ಆರನೆಯ ಲೇನಿನ ಹುಡುಗ 38 ಮೀಟರ್ ಹೆಚ್ಚು ಓಡುತ್ತಾನೆ, ಮತ್ತು ತಾನು ನಿಧಾನ ಎಂದುಕೊಂಡು ಮನೆಗೆ ಹೋಗುತ್ತಾನೆ. ಬಟ್ಟೆಯ ಟೇಪು ಎಳೆದಂತೆ ಹಿಗ್ಗುತ್ತದೆಯಾದ್ದರಿಂದ ಉಕ್ಕಿನ ಟೇಪನ್ನೇ ಬಳಸಿ.

ಪ್ರವೇಶಾತಿ ಮುಗಿದ ಕೂಡಲೇ ಆಸಕ್ತರೆಲ್ಲರನ್ನೂ ಕರೆದು 30 ಮೀಟರ್ ಓಟ, ನಿಂತಲ್ಲಿಂದ ಉದ್ದ ಜಿಗಿತ, ಗುಂಡನ್ನು ತಲೆಯ ಮೇಲಿಂದ ಹಿಂದಕ್ಕೆ ಎಸೆಯುವುದು, 1,000 ಮೀಟರ್ ಓಟ ಇಷ್ಟನ್ನು ಮಾಡಿಸಿ ಬರೆದಿಟ್ಟುಕೊಳ್ಳಿ. ಹೈಸ್ಕೂಲಿನಲ್ಲಿ ಜಿಲ್ಲೆಗೆ ಮೊದಲು ಬಂದವರೆಲ್ಲ ಮುಂದೆಯೂ ಬೆಳೆಯುತ್ತಾರೆಂದು ಹೇಳಲಾಗದು. ಬೇಗ ಮೈನೆರೆತು ಬಲ ಬಂದದ್ದರಿಂದ ಗೆದ್ದವರು ಅವರಲ್ಲಿ ಇರುತ್ತಾರೆ. ಇನ್ನೊಂದೆಡೆ, ಓಟಗಾರರ ಮುಳ್ಳಿನ ಬೂಟು, ಅಂದರೆ ಸ್ಪೈಕ್ಸನ್ನೇ ಕಾಣದ ಕಬಡ್ಡಿ ಆಟಗಾರನೊಬ್ಬ ನಿಂತಲ್ಲಿಂದ 2.70 ಮೀಟರ್ ಜಿಗಿದರೆ ಅವನನ್ನು ತ್ರಿವಿಧ ಜಿಗಿತಕ್ಕೆ ಕರೆದೊಯ್ಯುವ ಬಗ್ಗೆ ಯೋಚಿಸಲೇಬೇಕು. ಕಾಲೇಜು ತರಬೇತುದಾರರಿಗೆ ಸಿಗುವುದು ಮೂರು ವರ್ಷ. ಮೊದಲ ವರ್ಷವೇ ಪದಕ ಬರಲೆಂದು ಹೊಸಬರ ಮೇಲೆ ಭಾರ ಹೇರಿದರೆ ಎರಡನೆಯ ವರ್ಷ ಅವರು ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಗ್ಯಾಲರಿಯಲ್ಲಿ ಕೂತಿರುತ್ತಾರೆ. ಆಡಳಿತ ಮಂಡಳಿ ಪದಕ ಕೇಳಿದಾಗ ಈ ಮಾತನ್ನು ಗಟ್ಟಿಯಾಗಿ ಹೇಳುವ ಧೈರ್ಯ ನಿಮ್ಮಲ್ಲಿರಬೇಕು.

ವರ್ಷದ ಯೋಜನೆಯನ್ನು ಕೊನೆಯಿಂದ ಹಿಂದಕ್ಕೆ ಹಾಕಿಕೊಳ್ಳಿ. ವಿಶ್ವವಿದ್ಯಾಲಯದ ಅಂತರ ಕಾಲೇಜು ಕೂಟದ ದಿನಾಂಕ ಮತ್ತು ಸೆಮಿಸ್ಟರ್ ಪರೀಕ್ಷೆಯ ವೇಳಾಪಟ್ಟಿಯನ್ನು ಒಂದೇ ಹಾಳೆಯಲ್ಲಿ ಬರೆದು, ಪರೀಕ್ಷೆಯ ವಾರಗಳಲ್ಲಿ ಅಭ್ಯಾಸವನ್ನು ಅರ್ಧಕ್ಕಿಳಿಸಿ. 400 ಮೀಟರಿನ ಹೊಸ ಓಟಗಾರನಿಗೆ ಮಳೆಗಾಲದ ತಿಂಗಳುಗಳಲ್ಲಿ ವಾರಕ್ಕೆ ಎರಡು ದಿನ ಏರು ದಾರಿಯ ಓಟ ಅಥವಾ ಮೂರು ನಿಮಿಷದ ಬಿಡುವಿನೊಂದಿಗೆ ಆರು ಬಾರಿ ಹಗುರವಾದ 200 ಮೀಟರ್, ಎರಡು ದಿನ ದೇಹದ ತೂಕವನ್ನೇ ಬಳಸುವ ಬಲವರ್ಧನೆ, ಒಂದು ದಿನ ಚಿಕ್ಕ ವೇಗದ ಓಟ, ಒಂದು ದಿನ ನಿಧಾನ ಓಟ, ಒಂದು ದಿನ ಪೂರ್ಣ ವಿಶ್ರಾಂತಿ ಎಂದು ಶುರುಮಾಡಿ, ಕೂಟ ಹತ್ತಿರ ಬಂದಂತೆ ಸಂಖ್ಯೆ ಇಳಿಸಿ ವೇಗ ಏರಿಸಬಹುದು. ಪ್ರತಿಯೊಬ್ಬರ ಹೆಸರಿನಲ್ಲೂ ಒಂದು ನೋಟ್‌ಬುಕ್ ಇರಲಿ. ಸಮಯದ ಜೊತೆಗೆ ನಿದ್ದೆ, ನೋವು, ಜ್ವರ, ಊರಿಗೆ ಹೋದ ದಿನ ಎಲ್ಲವೂ ಅದರಲ್ಲಿರಲಿ.

ಹಾಸ್ಟೆಲಿನ ಅನ್ನ-ಸಾರಿನ ಮೇಲೆಯೇ ದಿನಕ್ಕೆರಡು ಹೊತ್ತು ಓಡುವ ಮಕ್ಕಳು ದಣಿಯುವುದು ಸಹಜ. ನೆನೆಸಿದ ಕಡಲೆ, ಶೇಂಗಾ, ಮೊಟ್ಟೆ, ರಾಗಿ, ಹೆಸರುಕಾಳುಗಳನ್ನು ಒದಗಿಸಲು ಪ್ರಾಂಶುಪಾಲರನ್ನು ಒಪ್ಪಿಸುವುದು ನಿಮ್ಮ ಕೆಲಸವೇ. ಓಟಗಾರ್ತಿಯೊಬ್ಬಳು ಕಾರಣವಿಲ್ಲದೆ ಹಿಂದೆ ಬೀಳುತ್ತಿದ್ದರೆ ಬೈಯುವ ಮುನ್ನ ಅವಳ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಮುಟ್ಟಿನ ತೊಂದರೆಯನ್ನು ಅವಳು ಸಂಕೋಚವಿಲ್ಲದೆ ಹೇಳಿಕೊಳ್ಳಲು ಒಬ್ಬ ಅಧ್ಯಾಪಕಿಯನ್ನು ಗೊತ್ತುಮಾಡಿ, ಹೊರ ಊರಿನ ಕೂಟಗಳಿಗೂ ಅವರನ್ನು ಜೊತೆಗೆ ಕರೆದೊಯ್ಯಿರಿ. ಲೈಂಗಿಕ ಕಿರುಕುಳದ ದೂರು ಆಲಿಸುವ ಕಾಲೇಜಿನ ಆಂತರಿಕ ದೂರು ಸಮಿತಿಯ ವಿವರ ಮೈದಾನದ ಕೋಣೆಯ ಗೋಡೆಯ ಮೇಲೂ ಇರಲಿ. ಔಷಧದ ವಿಷಯದಲ್ಲಂತೂ ಸ್ವಲ್ಪವೂ ಸಡಿಲ ಬಿಡಬೇಡಿ: ನೆಗಡಿಯ ಕೆಲವು ಮಾತ್ರೆಗಳಲ್ಲಿರುವ ಸೂಡೊಎಫೆಡ್ರಿನ್ ಕೂಟದ ದಿನಗಳಲ್ಲಿ ನಿಗದಿತ ಮಿತಿ ಮೀರಿ ಮೂತ್ರದಲ್ಲಿ ಕಂಡರೆ ಅದು ಉದ್ದೀಪನ ಮದ್ದೇ, ಮತ್ತು ದೇಹದಲ್ಲಿ ಏನು ಸಿಕ್ಕಿದರೂ ಹೊಣೆ ಕ್ರೀಡಾಪಟುವಿನದೇ. ಲೇಬಲ್ ಸರಿಯಿಲ್ಲದ ಪ್ರೋಟೀನ್ ಪುಡಿಯ ಡಬ್ಬಿ ಹಾಸ್ಟೆಲಿನಲ್ಲಿ ಕಂಡರೆ ಅಂದೇ ವಿಚಾರಿಸಿ.

ಮೂರನೆಯ ವರ್ಷದ ಆರಂಭದಲ್ಲೇ ಪ್ರತಿಯೊಬ್ಬರನ್ನೂ ಕೂರಿಸಿಕೊಂಡು ಮುಂದಿನ ದಾರಿ ಮಾತಾಡಿ. ರೈಲ್ವೆ, ಸೇನೆ, ಪೊಲೀಸ್ ಇಲಾಖೆಗಳ ಕ್ರೀಡಾ ಕೋಟಾದಲ್ಲಿ ಯಾವ ಮಟ್ಟದ ಕೂಟದ ಯಾವ ಸ್ಥಾನಕ್ಕೆ ಮಾನ್ಯತೆ ಇದೆ ಎಂಬುದನ್ನು ಆಯಾ ಅಧಿಸೂಚನೆ ಓದಿ ತಿಳಿಸಿ, ಬಿ.ಪಿ.ಎಡ್.ಗೆ ಹೋಗುವವರಿಗೆ ಪ್ರವೇಶದ ದಿನಾಂಕ ನೆನಪಿಸಿ. ಅವರ ಫಲಿತಾಂಶದ ಹಾಳೆಗಳು ಮತ್ತು ಪ್ರಮಾಣಪತ್ರಗಳ ಒಂದು ಪ್ರತಿ ವಿಭಾಗದ ಕಡತದಲ್ಲಿ ಇರಲೇಬೇಕು, ಏಕೆಂದರೆ ನಾಲ್ಕೈದು ವರ್ಷಗಳ ನಂತರ ದಾಖಲೆ ಪರಿಶೀಲನೆಯ ಹಿಂದಿನ ದಿನ ನಿಮಗೇ ಕರೆ ಬರುತ್ತದೆ.